ಋಣ ಎಲ್ಲೈತಿ?

ಪುಷ್ಪಲತಾಗೆ ಗಣಿತ ಬರುತ್ತಿರಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಆದರೆ ಸರಳ ಸಂಗತ ಚಲನೆಯ ಲೆಕ್ಕ ಬಂದರೆ ಮಾತ್ರ ಹುಡುಗಿ ಕೊನೆಯ ಸಾಲಿನಲ್ಲಿ ಋಣ ಚಿಹ್ನೆಯನ್ನು ನುಂಗಿಬಿಡುತ್ತಿದ್ದಳು. ಹೈಸ್ಕೂಲು ಕನ್ನಡದಲ್ಲಿ ಓದಿದ್ದರಿಂದ ಪಿಯುಸಿಗೆ ಬಂದರೂ ಮೈನಸ್ಸು ಅವಳ ಬಾಯಲ್ಲಿ ಋಣವೇ. ಎರಡು ಸಲ ಅವಕಲನ ಮಾಡಿ, ಪುಟದ ತುಂಬ ಸೈನು ಕಾಸು ಸುರಿದು, ವೇಗೋತ್ಕರ್ಷ ಅಂದರೆ ಎನ್ ಸ್ಕ್ವೇರ್ ಎಕ್ಸ್ ಎಂದು ಬರೆದು ಪೆನ್ನು ಇಡುವುದು. ಎಡಕ್ಕಿರಬೇಕಾದ ಆ ಗಿಡ್ಡ ಗೆರೆ ಮಾಯ.

ಅವಳವ್ವ ಗದಿಗೆವ್ವ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು, ಅಕ್ಷರದ ಗಂಧವಿಲ್ಲ. ಪ್ರಿಪರೇಟರಿ ಪೇಪರಿನಲ್ಲಿ ಕೆಂಪು ಶಾಯಿಯ ಸುತ್ತು ನೋಡಿ, "ಇಲ್ಲೇನಾತು?" ಎಂದಳು.

"ಋಣ ಬಿಟ್ಟೇನಿ."

"ಋಣಾನ? ಅದ್ಯಾಕ ಬೇಕು?"

"ಜೋಕಾಲಿ ಐತೆಲ್ಲ, ನಡುವಿನಿಂದ ದೂರ ಹೋದಷ್ಟೂ ತಿರುಗಿ ನಡುವಿನ ಕಡೇನ ಜಗ್ಗತೈತಿ. ಅದನ್ನ ತೋರಸಾಕ."

ಗದಿಗೆವ್ವ ನಕ್ಕಳು. "ದೂರ ಹೋದಷ್ಟೂ ಜಗ್ಗೂದ ಋಣ. ನನಗ ತಿಳೀತು, ನಿನಗ ತಿಳಿಯಾಂಗಿಲ್ಲೇನು?"

ಅಂದಿನಿಂದ ದಿನಾ ಬೆಳಿಗ್ಗೆ ತಪಾಸಣೆ. ಖಾರ ಹತ್ತಿದ ಬೆರಳನ್ನು ಕೊನೆಯ ಸಾಲಿನ ಮೇಲಿಟ್ಟು, "ಋಣ ಎಲ್ಲೈತಿ?" ಮೆಣಸಿನಕಾಯಿಯ ತೊಟ್ಟಿನಂಥ ಆ ಗೆರೆ ಕಂಡರಷ್ಟೇ ಚಹಾ. "ಸಾವಕಾರ ತೊಟ್ಟು ಕೀಳು ಅಂತಾನ, ನಿಮ್ಮ ಸರ್ ಹಚ್ಚು ಅಂತಾರ," ಎಂದು ಚೇಷ್ಟೆ ಬೇರೆ. ಪರೀಕ್ಷೆಯಲ್ಲಿ ಬಿಡುವುದಿಲ್ಲ ಎಂದು ಪುಷ್ಪಲತಾ ಅವ್ವನ ಮೇಲೆ ಆಣೆ ಮಾಡಿದ್ದಳು.

ಪರೀಕ್ಷೆಗೆ ಹದಿಮೂರು ದಿನವಿರುವಾಗ ಜ್ವರವೆಂದು ಹಾವೇರಿ ಆಸ್ಪತ್ರೆಗೆ ಹೋದ ಗದಿಗೆವ್ವ ಹೆಣವಾಗಿ ಬಂದಳು. ಪುಷ್ಪಲತಾ ಅಳಲಿಲ್ಲ. ಮಣ್ಣು ಕೊಡುವಾಗಲೂ ಅಳಲಿಲ್ಲ. ಹುಡುಗಿ ಕಲ್ಲಾಗ್ಯಾಳ ಎಂದಿತು ಓಣಿ. ನೆರೆಮನೆಯ ಕರೆವ್ವ ಬೆನ್ನು ಸವರಿ, "ಇಷ್ಟ ಇತ್ತವ್ವಾ ಋಣ" ಎಂದಳು. ಆ ಮಾತಿಗೆ ಮಾತ್ರ ಅವಳ ಮೈಯೆಲ್ಲ ಉರಿಯಿತು. ಇಷ್ಟೇ ಎನ್ನಲು ಇವಳ್ಯಾರು? ಅವ್ವನಿಗೆ ಕೊಟ್ಟ ಮಾತು ಇನ್ನೂ ಬಾಕಿ ಇತ್ತು. ಅದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಓದಿದಳು.

ಎರಡು ಸಾವಿರದ ಏಳರ ಮಾರ್ಚ್ ತಿಂಗಳು, ರಾಣೆಬೆನ್ನೂರಿನ ಪರೀಕ್ಷಾ ಕೇಂದ್ರ. ಅದೇ ಲೆಕ್ಕ ಬಂದಿತ್ತು. ನೋಡಿದ್ದೇ ಎದೆ ಹಿಗ್ಗಿತು. ಕೈ ತಾನಾಗಿ ಓಡಿತು. ಉತ್ತರಕ್ಕೆ ಚೌಕಟ್ಟು ಎಳೆದು, ಗಂಟೆ ಬಾರಿಸುವ ಮೊದಲೇ ಪೇಪರ್ ಕೊಟ್ಟು ಹೊರಗೆ ಬಂದಳು.

ಊರಿಗೆ ಮರಳುವ ಬಸ್ಸಿನಲ್ಲಿ ಅವ್ವನಿಗೆ ಒಪ್ಪಿಸುವವಳಂತೆ ಲೆಕ್ಕವನ್ನು ಮನಸ್ಸಿನಲ್ಲೇ ಸಾಲುಸಾಲಾಗಿ ಬರೆಯುತ್ತ ಕೂತಳು. ಮೋಟೆಬೆನ್ನೂರಿನ ಹತ್ತಿರ ಕೊನೆಯ ಸಾಲು ಬಂತು. ಎನ್ ಸ್ಕ್ವೇರ್ ಎಕ್ಸ್. ಅದರ ಎಡಕ್ಕೆ ಏನೂ ಇರಲಿಲ್ಲ.

ಬೆಳಿಗ್ಗೆ ಅಪ್ಪ ಚಹಾ ಕೊಟ್ಟಿದ್ದ, ಬಸ್ಸು ಹತ್ತಿಸಿದ್ದ. ಪಾಪ, ಚಹಾ ಕೊಡುವ ಮೊದಲು ಕೇಳಬೇಕಾದದ್ದೊಂದಿದೆ ಎಂದು ಅವನಿಗೇನು ಗೊತ್ತು?

ಹದಿಮೂರು ದಿನ ಬಾರದ ಅಳು ಆಗ ಬಂತು. ದುಪಟ್ಟಾ ಬಾಯಿಗೆ ಒತ್ತಿಕೊಂಡರೂ ನಿಲ್ಲದೆ ಬಂತು. ಪಕ್ಕದ ಸೀಟಿನ ಗುರುತಿಲ್ಲದ ಮುದುಕಿ ಗಾಬರಿಯಾಗಿ, "ಯಾಕವ್ವಾ, ಪೇಪರ್ ಕೆಟ್ಟಿತೇನು?" ಎಂದಳು.

"ಋಣ ಬಿಟ್ಟು ಬಂದೇನ್ರೀ ಅಮ್ಮಾ."

"ಹಂಗಂದ್ರ?"

"ಒಂದು ಮಾರ್ಕು ಹೋತು."

ಮುದುಕಿ ಅವಳ ಕಣ್ಣು ಒರೆಸಿದಳು. "ಹುಚ್ಚಿ, ಒಂದು ಮಾರ್ಕಿಗೆ ಯಾರರ ಇಷ್ಟು ಅಳತಾರೇನು?"