ಬರ್ಮುಡಾಕ್ಕೆ ಹೊರಟ ದೋಣಿ

೧೯೯೪ರಲ್ಲಿ, ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ, ನಮ್ಮ ಪಕ್ಕದ ಮನೆಯ ಡಾಕ್ಟರ್ ಗೋಪಿನಾಥರು ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪಕ್ಕೆ ಹೋಗುವುದಾಗಿ ಘೋಷಿಸಿದರು. ಅವರಿಗೆ ಈಜು ಬರುತ್ತಿರಲಿಲ್ಲ. "ಈಜೋದಾದ್ರೆ ದೋಣಿ ಯಾಕೆ?" ಎಂದು ನಮ್ಮನ್ನೇ ಕೇಳಿದರು.

ಗೋಪಿನಾಥರು ಅಮೆರಿಕದ ನಮ್ಮ ಊರು ರಾಲಿಯ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್. ರೋಗಿಗಳ ದೇಹದಿಂದ ತೆಗೆದ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಒಳಗೆ ಏನು ಕೆಟ್ಟಿದೆ ಎಂದು ಹೇಳುವುದು ಅವರ ಕೆಲಸ. ಇಪ್ಪತ್ತು ವರ್ಷ ಒಬ್ಬ ರೋಗಿಯೂ ಎದುರು ಮಾತಾಡದ ಕಾರಣ, ಇನ್ನೊಬ್ಬರ ಮಾತು ಕೇಳುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು.

ಅವರು ಕೊಂಡ ದೋಣಿ ೧೯೬೬ರದು. ಕರಾವಳಿಯ ಒಂದು ಸಣ್ಣ ಬೋಟ್‌ಯಾರ್ಡಿನಲ್ಲಿ ಎಂಟು ವರ್ಷದಿಂದ ನೀರು ಕಾಣದೆ ಕಂಬಗಳ ಮೇಲೆ ಕೂತಿತ್ತು. ಪ್ರತಿ ಶನಿವಾರ ಗಂಡ ಹೆಂಡತಿ ಮೂರು ಗಂಟೆ ಡ್ರೈವ್ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಗೋಪಿನಾಥರು ಒಳಗೆ ನೆರಳಲ್ಲಿ ಕೂತು ಜಿಪಿಎಸ್, ಎರಡು ರೇಡಿಯೊ, ಮೂರು ದಿಕ್ಸೂಚಿಗಳನ್ನು ಜೋಡಿಸುತ್ತಿದ್ದರು. ಹೆಂಡತಿ ವಿದ್ಯಾವತಿ ಹೊರಗೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ದೋಣಿಯ ತಳಕ್ಕೆ ಮೆತ್ತಿದ್ದ ಹಳೆಯ ಬಣ್ಣ ಕೆರೆಯುತ್ತಿದ್ದರು. ಸಂಜೆ ಮನೆಗೆ ಬಂದಾಗ ಅವರು ತಲೆಯಿಂದ ಕಾಲಿನವರೆಗೆ ನೀಲಿ. ಇದನ್ನು ಗೋಪಿನಾಥರು ಟೀಮ್‌ವರ್ಕ್ ಎನ್ನುತ್ತಿದ್ದರು.

ಯಾರ್ಡಿನ ಮಾಲೀಕ ಅರ್ಲ್ ಒಮ್ಮೆ ಸುತ್ತಿಗೆಯ ಹಿಡಿಯಿಂದ ದೋಣಿಯ ಮುಂದಿನ ಡೆಕ್ಕಿನ ಹಾಸನ್ನು ತಟ್ಟಿ ನೋಡಿದ. ಮೇಲಿನ ಫೈಬರ್‌ಗ್ಲಾಸ್ ಹೊಳೆಯುತ್ತಿದ್ದರೂ ಕೆಳಗಿನ ಮರ ಕೊಳೆತಿದೆ, ಒಂದು ತೂತು ಕೊರೆದು ನೋಡಿ ಎಂದ.

"ಇವನೇನ್ ಓದಿದಾನೆ?" ಎಂದರು ಗೋಪಿನಾಥರು ಕನ್ನಡದಲ್ಲಿ.

"ರೀ, ದಿನಾ ಬಯಾಪ್ಸಿ ನೋಡೋರು ನೀವು. ಒಂದ್ ಚೂರು ತೆಗೆದು ನೋಡೋಕೇನು?" ಎಂದರು ವಿದ್ಯಾವತಿ.

"ಚೆನ್ನಾಗಿರೋದಕ್ಕೆ ಯಾರಾದ್ರೂ ಬಯಾಪ್ಸಿ ಮಾಡ್ತಾರೇನೇ?"

ಮರುವರ್ಷ ಮೇ ತಿಂಗಳಲ್ಲಿ ಬೀಳ್ಕೊಡುಗೆ. ಮಾರಿಸ್‌ವಿಲ್ ದೇವಸ್ಥಾನದಿಂದ ಪುರೋಹಿತರು ಬಂದರು. ಅಷ್ಟು ದಿನ ಕಾರುಗಳಿಗೇ ಪೂಜೆ ಮಾಡಿದ್ದವರು ಅದೇ ಮಂತ್ರದಲ್ಲಿ ದೋಣಿಯನ್ನೂ ಮುಗಿಸಿದರು. ನಾವು ನಲವತ್ತು ಜನ ಪುಳಿಯೋಗರೆ ಹೊತ್ತು ಹೋಗಿದ್ದೆವು. ಕ್ಯಾಪ್ಟನ್ ಟೋಪಿ ಹಾಕಿಕೊಂಡ ಗೋಪಿನಾಥರು ಇಪ್ಪತ್ತು ನಿಮಿಷ ಭಾಷಣ ಮಾಡಿ ಹವಾಮಾನದ ಉಪಗ್ರಹಗಳಿಗೂ ಧನ್ಯವಾದ ಹೇಳಿದರು. ವಿದ್ಯಾವತಿಯ ಹೆಸರು ಬರಲಿಲ್ಲ.

ಕಾಯಿ ಒಡೆಯಲು ಪುರೋಹಿತರು ಕಲ್ಲು ಹುಡುಕಿದರು.

"ಡೆಕ್ ಮೇಲೇ ಒಡೀಲಿ ಬಿಡಿ," ಎಂದರು ಗೋಪಿನಾಥರು. "ಹಳೇ ಕಾಲದ್ದು, ಗಟ್ಟಿ."

ವಿದ್ಯಾವತಿ ಪುರೋಹಿತರಿಂದ ಕಾಯಿ ಇಸಿದುಕೊಂಡು, ಸೆರಗು ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಅದನ್ನು ಬಲವಾಗಿ ಕುಟ್ಟಿದರು. ಕಾಯಿ ಒಡೆಯಲಿಲ್ಲ. ಡೆಕ್ ಒಡೆಯಿತು. ಅವರ ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಹೊರಗೆ ಬಂದಾಗ ಬೆರಳುಗಳಲ್ಲಿ ನೆನೆದ ಬ್ರೆಡ್ಡಿನಂಥ ಕಪ್ಪು ಮರವಿತ್ತು. ಯಾರೂ ನಗಲಿಲ್ಲ. ನಗು ತಡೆಯಲೆಂದೇ ಕೆಲವರು ಪುಳಿಯೋಗರೆಯ ಕಡೆ ನಡೆದರು.

ಆ ಬೇಸಿಗೆಯಲ್ಲಿ ಗೋಪಿನಾಥರು ದೋಣಿಯ ಸುದ್ದಿಯೇ ಎತ್ತಲಿಲ್ಲ. ವಿದ್ಯಾವತಿ ಮಾತ್ರ ಶನಿವಾರ ತಪ್ಪಿಸಲಿಲ್ಲ. ಅರ್ಲನಿಂದ ಕಲಿತು ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದರು, ಹೊಸ ಮರ ಕೂರಿಸಿದರು. ಅವನ ಚಿಕ್ಕ ದೋಣಿಯಲ್ಲಿ ಹಾಯಿ ಬಿಚ್ಚಿ ಕಟ್ಟುವುದನ್ನೂ ಕಲಿತರು. ಆಗಸ್ಟಿನಲ್ಲಿ ಒಂದು ದಿನ ಗೋಪಿನಾಥರು ತಾವಾಗಿಯೇ ಕಾರು ಹತ್ತಿದರು.

"ನಾನೇನ್ ಮಾಡ್ಲಿ?" ಎಂದು ಯಾರ್ಡಿನಲ್ಲಿ ನಿಂತು ಕೇಳಿದರು.

ವಿದ್ಯಾವತಿ ಮರಳುಕಾಗದ ಕೊಟ್ಟರು. "ಇಲ್ಲಿಂದ ಅಲ್ಲೀವರೆಗೆ ಉಜ್ಜಿ."

ಉಜ್ಜಿದರು.

೧೯೯೬ರ ಮೇ ತಿಂಗಳಲ್ಲಿ ಇಬ್ಬರೂ ಯಾರಿಗೂ ಹೇಳದೆ ಹೊರಟರು. ಎಂಟು ದಿನವಾದ ಮೇಲೆ ಬರ್ಮುಡಾದಿಂದ ನಮ್ಮ ಮನೆಗೆ ಫೋನ್ ಬಂತು. ಗೋಪಿನಾಥರ ದನಿ ಸಣ್ಣಗಾಗಿತ್ತು.

"ಐದು ದಿನ ವಾಂತಿ ಮಾಡ್ಕೊಂಡು, ಬಕೆಟ್ ಹಿಡ್ಕೊಂಡು ಮಲಗಿದ್ದೆ. ವಿದ್ಯಾನೇ ನಡೆಸಿದ್ಲು. ಗಾಳಿ ಜೋರಾದಾಗ ನಾನು ಅತ್ತುಬಿಟ್ಟೆ."

ಕುಹಕದ ಮಾತೊಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಲು ಮನಸ್ಸಾಗಲಿಲ್ಲ. "ಅವರೇನಂದ್ರು?" ಎಂದೆ.

"ಒಂದ್ ಕೈಲಿ ಚುಕ್ಕಾಣಿ, ಇನ್ನೊಂದ್ ಕೈಲಿ ನನ್ನ ಕೈ ಹಿಡ್ಕೊಂಡಿದ್ಲು."

ಅಷ್ಟರಲ್ಲಿ ವಿದ್ಯಾವತಿ ಫೋನ್ ತೆಗೆದುಕೊಂಡರು. "ಇವರು ನಾಳೆ ಫ್ಲೈಟಲ್ಲಿ ಬರ್ತಾರೆ. ಏರ್‌ಪೋರ್ಟಿಂದ ಸ್ವಲ್ಪ ಪಿಕಪ್ ಮಾಡ್ತೀರಾ? ದೋಣಿ ನಾನು ತರ್ತೀನಿ. ಜೊತೆಗಿರೋಕೆ ಅರ್ಲ್ ತಂಗಿ ಇಲ್ಲಿಗೆ ಬರ್ತಿದಾಳೆ."