ಅರ್ಧ ಉಣ್ಣೆಯ ಟಗರು

ಟಗರಿನ ಎಡಪಕ್ಕೆ ಪೂರ್ತಿ ಬೋಳಾಗಿ, ಉಣ್ಣೆ ಕತ್ತರಿಸುವ ಮಶೀನು ಬೆನ್ನು ದಾಟಿ ಬಲಕ್ಕೆ ಹೊರಳಬೇಕು ಅನ್ನುವಷ್ಟರಲ್ಲಿ ಅದರ ಗುಂಯ್ ಅನ್ನುವ ಸದ್ದು ಸಣ್ಣಗಾಯಿತು. ಮಲಕಪ್ಪ ಮಶೀನನ್ನು ಒಮ್ಮೆ ಜಾಡಿಸಿದ. ಪಕ್ಕದ ಕಲ್ಲಿನ ಮೇಲಿದ್ದ ಬ್ಯಾಟರಿಯಿಂದ ತಂತಿ ಕಿತ್ತು, ತುದಿಯನ್ನು ಧೋತರಕ್ಕೆ ಒರೆಸಿ ಮತ್ತೆ ಸಿಗಿಸಿದ. ಹಲ್ಲುಗಳು ಉಣ್ಣೆಯನ್ನು ಕಚ್ಚಿಕೊಂಡು ನಿಂತೇಬಿಟ್ಟವು. ಇನ್ನು ಮಲಗಿರಲು ಒಪ್ಪದ ಟಗರು ಅವನ ಮೊಣಕಾಲಡಿಯಿಂದ ನುಸುಳಿ ಎದ್ದು, ಅರ್ಧ ಮೈಗೆ ಉಣ್ಣೆ, ಅರ್ಧ ಮೈಗೆ ಗಾಳಿ ಹೊದ್ದುಕೊಂಡು ದೊಡ್ಡಿಯಿಂದ ಹೊರಗೆ ಓಡಿತು.

ಹಿಂದಿನ ದಿನವಷ್ಟೇ ಇಳಕಲ್ಲಿಗೆ ಹೊತ್ತೊಯ್ದು ಚಾರ್ಜ್ ಮಾಡಿಸಿ ತಂದ ಬ್ಯಾಟರಿ ಅದು. ಮೊದಲಾದರೆ ಎಪ್ಪತ್ತು ಕುರಿಯ ಹಿಂಡನ್ನು ಎರಡೇ ಚಾರ್ಜಿನಲ್ಲಿ ಮುಗಿಸುತ್ತಿತ್ತು. ಈಗ ಎಂಟು ಕುರಿಗೇ ಸುಸ್ತಾಗಿ ಒಂಬತ್ತನೆಯದರ ನಡುಬೆನ್ನಲ್ಲಿ ಕೈಯೆತ್ತಿತ್ತು.

"ಏನಾತ್ರಿ?" ಅತ್ತ ಕೂತು ಉಣ್ಣೆಯಲ್ಲಿನ ಮುಳ್ಳು ಆರಿಸುತ್ತಿದ್ದ ಹೆಂಡತಿ ಲಗಮವ್ವ ಕೇಳಿದಳು.

"ಏನೂ ಆಗಿಲ್ಲ. ಬ್ಯಾಟರಿ ಸ್ವಲ್ಪ ದಣದೈತಿ."

"ದಣಿಯಾಕ ಅದೇನ ಎತ್ತೇನ್ರಿ?"

ಮಲಕಪ್ಪ ಎದ್ದ, ಕೂತ, ಮತ್ತೆ ಎದ್ದು ಆಕಾಶ ನೋಡಿದ. ಹುನಗುಂದದ ಕಡೆ ಮೋಡ ಕಟ್ಟುತ್ತಿತ್ತು. ಮೃಗಶಿರಾ ಮಳೆ ಇನ್ನು ನಾಲ್ಕೈದು ದಿನವೂ ತಡೆಯುವಂತಿರಲಿಲ್ಲ. ಕುರಿಗಳನ್ನೆಲ್ಲ ಮೊನ್ನೆ ಹಳ್ಳದ ಮಡುವಿನಲ್ಲಿ ತೊಳೆದು ತಂದಾಗಿತ್ತು. ತೊಳೆದ ಕುರಿಯ ಉಣ್ಣೆಯನ್ನು ಮೂರು ನಾಲ್ಕು ದಿನದೊಳಗೆ ಇಳಿಸಬೇಕು. ಮಳೆ ಬಿದ್ದು ಕೆಸರು ಮೆತ್ತಿ ಜಡೆಗಟ್ಟಿತೆಂದರೆ ಕಂಬಳಿ ನೇಯುವವರು ಕೈಯಿಂದ ಮುಟ್ಟಿಯೂ ನೋಡುವುದಿಲ್ಲ. ಒಂದು ವರ್ಷದ ಉಣ್ಣೆ ಅರವತ್ತೊಂದು ಕುರಿಗಳ ಮೈಮೇಲೆ ಕೂತು ಮಳೆಯ ದಾರಿ ಕಾಯುತ್ತಿತ್ತು. ಅರ್ಧದ ಟಗರು ಬೇರೆ.

ಅವನ ಊರಾದ ಗುಡೂರಿನ ಉಳಿದ ಕುರುಬರಿಗೆ ಈ ತಾಪತ್ರಯ ಇರಲಿಲ್ಲ. ಅವರದು ಮುಯ್ಯಿ. ಹನ್ನೆರಡು ಮನೆಯ ಹನ್ನೆರಡು ಕತ್ತರಿ ಇವತ್ತು ಒಬ್ಬನ ಹಿಂಡಿಗೆ, ನಾಳೆ ಇನ್ನೊಬ್ಬನ ಹಿಂಡಿಗೆ. ಯಾರ ಹಿಂಡೋ ಅವರ ಮನೆಯಲ್ಲಿ ಗೋಧಿ ಹುಗ್ಗಿ. ಕೂಲಿ ಅನ್ನುವ ಮಾತೇ ಇಲ್ಲ, ಕತ್ತರಿಗೆ ಕತ್ತರಿಯೇ ಕೂಲಿ. ಮಲಕಪ್ಪನ ಕತ್ತರಿಯೂ ಒಂದು ಕಾಲಕ್ಕೆ ಆ ಸಾಲಿನಲ್ಲಿತ್ತು. ಮೂರು ವರ್ಷದ ಹಿಂದೆ ಪಶುಸಂಗೋಪನೆ ಇಲಾಖೆಯವರು ಏಳನೇ ಇಯತ್ತೆ ಓದಿದ ಕುರುಬ ಬೇಕೆಂದು ಹುಡುಕಿ, ಇವನನ್ನು ಹದಿನೈದು ದಿನ ತರಬೇತಿಗೆ ಕರೆದುಕೊಂಡು ಹೋಗಿ, ಕೈಗೆ ಈ ಪರದೇಶದ ಮಶೀನು ಕೊಟ್ಟು ಕಳಿಸಿದ್ದೇ ಕಳಿಸಿದ್ದು, ಅವನ ಕಾಲು ನೆಲಕ್ಕೆ ಹತ್ತಲಿಲ್ಲ. "ನನ್ನ ಮಶೀನ ಹನ್ನೆರಡು ಕತ್ತರಿಗಿ ಸಮ," ಅನ್ನುತ್ತ ಮುಯ್ಯಿ ಬಿಟ್ಟ. ಊರಿಗೆ ಬಂದವಳು ನೀರಿಗೆ ಬಾರದೆ ಇದ್ದಾಳೆಯೇ ಎಂದು ಹಿರಿಯರು ಸುಮ್ಮನಾದರು.

ಅದು ಹೋಗಲಿ ಎನ್ನಬಹುದಿತ್ತು. ಹೋದ ವರ್ಷದ್ದು ಮಾತ್ರ ಹೋಗುವಂಥದ್ದಲ್ಲ. ಮುಯ್ಯಿಯ ಹಿರಿಯ ಅಮಸಿದ್ದಪ್ಪನ ಹಿಂಡಿನ ಪಾಳಿ ಬಂದ ದಿನ ನಾಲ್ಕು ಜನ ಚಳಿಜ್ವರ ಬಂದು ಮಲಗಿದ್ದರು. ಮುದುಕ ತಾನೇ ಎದ್ದು ಬಂದು, "ಒಂದು ದಿವಸ ನಿನ್ನ ಮಶೀನ ತಗೊಂಡು ಬಾರಪಾ," ಎಂದು ಕೇಳಿದ್ದ.

"ಆಗೂದಿಲ್ಲ ಕಾಕಾ, ಬ್ಯಾಟರಿ ಇಳೀತೈತಿ," ಎಂದಿದ್ದ ಮಲಕಪ್ಪ.

ಬ್ಯಾಟರಿ ಆಗ ಚಾರ್ಜಾಗಿ ತುಂಬಿಕೊಂಡು ಒಳಮನೆಯಲ್ಲಿ ಕೂತಿತ್ತು. ಅಮಸಿದ್ದಪ್ಪ ಅವನ ಮುಖ ಒಂದು ಗಳಿಗೆ ನೋಡಿ, "ಇರಲಿ ಬಿಡು," ಎಂದು ಕಂಬಳಿ ಕೊಡವಿಕೊಂಡು ಹೋಗಿದ್ದ. ಆ 'ಇರಲಿ ಬಿಡು' ಈಗ ಬ್ಯಾಟರಿಯ ತಂತಿ ಸುತ್ತುತ್ತಿದ್ದ ಮಲಕಪ್ಪನಿಗೆ ಮತ್ತೆ ಕೇಳಿಸಿತು.

ಊಟಕ್ಕೂ ಕೂಡದೆ ಅವನು ಬ್ಯಾಟರಿಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಇಳಕಲ್ಲಿನ ಬಸ್ಸು ಹತ್ತಿದ.

ಇಳಕಲ್ಲಿನ ಬಸ್ ಸ್ಟ್ಯಾಂಡಿನ ಹಿಂದೆ ಹುಸೇನಬಿಯ ಬ್ಯಾಟರಿ ಅಂಗಡಿ. ಗಂಡ ಹಾಸಿಗೆ ಹಿಡಿದ ಮೇಲೆ ಅವನು ಮಲಗಿದಲ್ಲಿಂದ ಹೇಳಿದಂತೆ ಮಾಡುತ್ತ ಮಾಡುತ್ತ ಕೆಲಸ ಕಲಿತ ಹೆಂಗಸು. ಈಗ ಲಾರಿಯವರು ಆಕೆಯ ಮಾತಿಲ್ಲದೆ ಬ್ಯಾಟರಿ ಕೊಳ್ಳುತ್ತಿರಲಿಲ್ಲ. ಆಕೆ ಬಿರಡೆಗಳನ್ನು ಬಿಚ್ಚಿ, ಗಾಜಿನ ನಳಿಗೆ ಇಳಿಸಿ ಒಳಗಿನ ನೀರು ಎಳೆದು ಬೆಳಕಿಗೆ ಹಿಡಿದಳು.

"ಇದಕ್ಕ ಯಾವ ನೀರು ಹಾಕೀರಿ ಅಣ್ಣಾರ?"

"ಭಾಳ ಚಲೋ ನೀರು ಅಕ್ಕಾರ. ಕಮ್ಮಿ ಆದಾಗೊಮ್ಮೆ ನಮ್ಮ ಬೀರಪ್ಪನ ಗುಡಿ ಬಾವೀದ ಹಾಕೇನಿ. ಊರಾಗ ಅಂಥಾ ಸೀ ನೀರು ಇನ್ನೊಂದಿಲ್ಲ."

ಹುಸೇನಬಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಅನ್ನಿಸಿತು.

"ದೇವರಿಗಿ ಚಲೋ, ನಿಮಗ ಚಲೋ. ಬ್ಯಾಟರಿಗಿ ಅಲ್ಲ. ಬಾವಿ ನೀರಾಗ ಸುಣ್ಣ ಇರತೈತಿ, ಉಪ್ಪು ಇರತೈತಿ. ಇದಕ್ಕ ಶೀಶೇದಾಗ ಬರೂ ಕಾಸಿ ಇಳಿಸಿದ ನೀರ ಬೇಕು. ಒಳಗಿನ ಪ್ಲೇಟು ಎಲ್ಲಾ ತಿಂದು ಹೋಗ್ಯಾವ ನೋಡ್ರಿ."

"ಹಂಗಾರ ಲಾರೀದರ ಒಂದು ಹಳೇದ ಕೊಡ್ರಿ. ಸೋವಿದು."

"ಲಾರೀದು ಹನ್ನೆರಡು ವೋಲ್ಟು, ಫಟಫಟೀದು ಆರು. ನಿಮ್ಮದು ಎಂಟು. ಹನ್ನೆರಡು ಕೊಟ್ರ ಮಶೀನ ಸುಡತೈತಿ. ಆರು ಕೊಟ್ರ ಉಣ್ಣಿ ಹಿಡಕೊಂಡು ನಿಲ್ಲತೈತಿ."

ಆಕೆ ಮೂಲೆಯಿಂದ ಒಂದು ಹಳೆಯ ಲಾರಿ ಬ್ಯಾಟರಿ ಎಳೆದಳು. ಅದರ ಆರು ಖಾನೆಗಳಲ್ಲಿ ನಾಲ್ಕಕ್ಕೆ ಇನ್ನೂ ಜೀವವಿತ್ತು, ಖಾನೆಗೆ ಎರಡು ವೋಲ್ಟಿನಂತೆ ನಾಲ್ಕೆರಡಲೆ ಎಂಟು. ಮಲಕಪ್ಪನ ಕಣ್ಣು ಅರಳಿತು. ಕೈ ಆಗಲೇ ಒಳಜೇಬಿಗೆ ಹೋಗಿತ್ತು.

"ತಡೀರಿ," ಎಂದಳು ಹುಸೇನಬಿ. "ಇದು ಹತ್ತು ಕುರಿ ತಡೀತೈತಿ, ಆಮ್ಯಾಗ ನೀವು ನನ್ನ ಬೈಕೋತ ಬರ್ತೀರಿ. ಬೈಸ್ಕೊಂಡು ರೊಕ್ಕಾ ಇಸಕೊಳ್ಳೂದು ನನಗ ಬ್ಯಾಡ. ಹೊಸಾದು ಬಾಗಲಕೋಟಿ ಪ್ಯಾಟ್ಯಾಗ ಸಿಕ್ರ ಸಿಗಬಹುದು." ಬಿರಡೆ ಮುಚ್ಚುತ್ತ, ಅವನ ಕಡೆ ನೋಡದೆ ಅಂದಳು: "ಅಲ್ಲ, ನಿಮ್ಮೂರಾಗ ಕತ್ತರಿ ಇಲ್ಲೇನು?"

ಮಲಕಪ್ಪ ಚೀಲದ ಬಾಯಿ ಕಟ್ಟಿ ಹೊರಬಿದ್ದ. ಮರುದಿನ ಬೆಳಿಗ್ಗೆ ಬಾಗಲಕೋಟೆ. ಅಂಗಡಿಯಿಂದ ಅಂಗಡಿಗೆ ಅಲೆದು ಅವನ ಮೆಟ್ಟಿನ ಬಾರು ಹರಿಯಿತು, ಹೆಗಲ ಮೇಲೆ ಚೀಲದ ಗುರುತು ಬಿತ್ತು. ನಾಲ್ಕು ಕಡೆ ತಲೆ ಅಲ್ಲಾಡಿಸಿದರು. ಐದನೆಯವನು ಒಂದು ದಪ್ಪ ಪುಸ್ತಕ ತಿರುವಿ ಹಾಕಿ, ಎಂಟು ವೋಲ್ಟಿನದು ಮುಂಬೈಯಿಂದ ತರಿಸಬೇಕು, ಇಪ್ಪತ್ತು ದಿನ ಎಂದು, ಬೆಲೆಯನ್ನೂ ಹೇಳಿದ. ಮಲಕಪ್ಪ ಮನಸ್ಸಿನಲ್ಲೇ ಅದನ್ನು ಟಗರಿಗೆ ಹಾಕಿ ನೋಡಿದ. ಮೂರು ಟಗರಾಯಿತು. ಅವೂ ಬಲಿತ ಟಗರು.

"ಇಪ್ಪತ್ತ ದಿನಾ ಮಳಿ ತಡೀತೈತೇನ್ರಿ?" ಎಂದು ಕೇಳಿದ.

"ಅದನ್ನ ಮ್ಯಾಲಿನವಗ ಕೇಳ್ರಿ," ಎಂದ ಅಂಗಡಿಯವನು ಪುಸ್ತಕ ಮುಚ್ಚುತ್ತ.

ಗುಡೂರಿನಲ್ಲಿ ಬಸ್ಸಿಳಿಯುತ್ತಿದ್ದಂತೆ ಚಹಾದ ಅಂಗಡಿಯ ದುರಗಪ್ಪ ಕರೆದ. "ಲೇ ಮಲಕಪ್ಪ, ನಿನ್ನ ಟಗರು ಬಂದಿತ್ತಲೇ ಇಲ್ಲಿ. ಬಲಕ್ಕ ನೋಡಿದ್ರ ಟಗರು, ಎಡಕ್ಕ ನೋಡಿದ್ರ ನಾಯಿ. ಯಾವ ಬಾಜೂಕ ಹುಲ್ಲ ಹಾಕಬೇಕಂತ ತಿಳೀಲಿಲ್ಲ ನೋಡು." ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಕೈಯಲ್ಲಿ ರೊಟ್ಟಿ ತಿನಿಸಿ ಬೆಳೆಸಿದ ಟಗರು ಅದು, ಮಲಕಪ್ಪ ಹೋದಲ್ಲೆಲ್ಲ ಹಿಂದೆ ಬರುತ್ತಿತ್ತು. ಅವನು ಊರಲ್ಲಿಲ್ಲದಾಗ ಓಣಿ ಓಣಿ ಹುಡುಕುತ್ತಿತ್ತು. ಎರಡು ದಿನದಲ್ಲಿ ಅವನ ಮಾನವನ್ನು ಊರೆಲ್ಲ ಮೆರವಣಿಗೆ ಮಾಡಿಸಿ ಬಂದಿತ್ತು.

ಮನೆಯಲ್ಲಿ ಲಗಮವ್ವ ಊಟಕ್ಕೆ ಇಟ್ಟಳು. ಚೀಲದಲ್ಲಿ ಹೋದ ಬ್ಯಾಟರಿಯೇ ಮರಳಿ ಬಂದದ್ದು ಕಂಡೇ ಅವಳಿಗೆ ತಿಳಿದಿತ್ತು. ರೊಟ್ಟಿಯ ತಾಟಿನ ಪಕ್ಕದಲ್ಲಿ ಅವನ ಹಳೆಯ ಕತ್ತರಿ ಇತ್ತು, ಎಣ್ಣೆ ಸವರಿ, ಕಲ್ಲಿಗೆ ಮಸೆದು.

"ಇದನ್ನ ಯಾಕ ತಗದಿ?"

"ನಾಳೆ ಅಮಸಿದ್ದಪ್ಪ ಮಾವನ ಹಿಂಡು ಕತ್ತರಸ್ತಾರಂತ."

"ಯಾ ಮುಖಾ ಇಟಗೊಂಡು ಹೋಗ್ಲಿ?"

"ಇರೂದೊಂದ ಮುಖಾ. ಅದನ್ನ ಇಟಗೊಂಡು ಹೋಗ್ರಿ," ಎಂದಳು ಲಗಮವ್ವ. "ಟಗರೇನು ನಾಚಿ ಮನ್ಯಾಗ ಕುಂತೈತೇನು?"

ಬೆಳಗಾದ ಮೇಲೂ ಮಲಕಪ್ಪ ದೊಡ್ಡಿಗೂ ಅಂಗಳಕ್ಕೂ ನಾಲ್ಕು ಸಲ ಎಡತಾಕಿದ. ಕತ್ತರಿಯನ್ನು ರುಮಾಲಿನಲ್ಲಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಕೊನೆಗೆ ಕಾಲೇ ಅವನನ್ನು ಕರೆದುಕೊಂಡು ಹೋಯಿತು. ಹಿಂದೆ ಟಗರು. ಓಡಿಸಿದರೂ ಹೋಗಲಿಲ್ಲ.

ಅಮಸಿದ್ದಪ್ಪನ ದೊಡ್ಡಿಯಲ್ಲಿ ಮುದುಕನಲ್ಲದೆ ಹನ್ನೊಂದು ಜನ ಸಾಲಾಗಿ ಕೂತಿದ್ದರು. ಕತ್ತರಿಗಳ ಕಚಕಚ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು. ಯಾರೂ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಮಲಕಪ್ಪ ಸಾಲಿನ ಕಡೆಯಲ್ಲಿ ಕೂತು ರುಮಾಲು ಬಿಚ್ಚಿದ. ಬಹಳ ಹೊತ್ತು ಅವನ ಮುಂದಿನ ನೆಲ ಖಾಲಿಯೇ ಇತ್ತು. ಆ ಖಾಲಿ ನೆಲ ನೋಡುವಾಗ ಎದ್ದು ಓಡಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಅಮಸಿದ್ದಪ್ಪ ಒಂದು ಕುರಿಯನ್ನು ಕಾಲು ಹಿಡಿದು ಎಳೆದು ತಂದು ಅವನ ಮುಂದೆ ಕೆಡವಿ, ತನ್ನ ಕುರಿಯತ್ತ ಮರಳಿದ.

ಮೂರು ವರ್ಷ ಕತ್ತರಿ ಹಿಡಿಯದ ಕೈ. ಮೊದಲ ಕುರಿಗೇ ಎರಡು ಕಡೆ ತೊಗಲು ಕಿತ್ತಿತು. ಮಲಕಪ್ಪ ನಾಚಿ ಅರಿಶಿಣ ಮೆತ್ತಿದ. ಮಗ್ಗುಲಿನವನು ನಾಲ್ಕು ಕುರಿ ಮುಗಿಸುವಷ್ಟರಲ್ಲಿ ಇವನದು ಎರಡು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಬೊಬ್ಬೆಯೆದ್ದು, ಅಂಗೈ ಸೆಡೆದು, ಕತ್ತರಿ ತಾನೇ ಕೈಯಿಂದ ಜಾರಿ ಬಿತ್ತು. ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಕೂತ.

"ಯಾಕೋ," ಎಂದ ಅಮಸಿದ್ದಪ್ಪ, ತನ್ನ ಕುರಿಯಿಂದ ಕಣ್ಣೆತ್ತದೆ. "ಬ್ಯಾಟರಿ ಇಳೀತೇನು?"

ಹನ್ನೊಂದೂ ಜನ ಕುರಿಗಳನ್ನು ಹಿಡಿದುಕೊಂಡೇ ನಕ್ಕರು. ಒಬ್ಬನಿಗೆ ಕೆಮ್ಮು ಬಂತು. ಮಲಕಪ್ಪನಿಗೆ ಅಳು ಬಂದಂತಾಯಿತು, ಆದರೆ ಬಂದದ್ದು ನಗೆ.

ಹುಗ್ಗಿ ಉಂಡು ಕೈ ತೊಳೆಯುವಾಗ ಅವನೇ ಮುದುಕನ ಬಳಿ ಹೋದ. "ಕಾಕಾ, ನಂದೊಂದು ಪಾಳಿ..."

"ಇನ್ನ ಆರು ಮನಿ ಅದಾವ. ನಿಂದು ಏಳನೇದ್ದು. ಹೊಸಬರು ಬಂದ್ರ ಕಡೀಕ, ಅದು ನಮ್ಮಪ್ಪನ ಕಾಲದ ಪದ್ಧತಿ."

"ನಾ ಹೊಸಬನೇನು?"

"ಕತ್ತರಿ ನೋಡಿದ್ರ ಹಳಬ. ಕೈ ನೋಡಿದ್ರ ಹೊಸಬ."

"ಅಷ್ಟರಾಗ ಮಳಿ ಬರತೈತಿ ಕಾಕಾ."

"ಬಂದ್ರ ಇನ್ನೊಮ್ಮೆ ತೊಳಿ. ಹಳ್ಳಕ್ಕ ನೀರರ ಬರ್ತಾವ."

ಆ ವರ್ಷದ ಉಣ್ಣೆಯಲ್ಲಿ ಎಷ್ಟು ಕೈಗೆ ಹತ್ತುತ್ತದೋ ಎಂದು ಮಲಕಪ್ಪ ಲೆಕ್ಕ ಹಾಕಲು ಹೋಗಿ ಬಿಟ್ಟ. "ಆಗಲಿ," ಎಂದು ಸಾಲಿಗೆ ಮರಳಿ ಕೂತ.

ಮಳೆ ಆರು ದಿನವನ್ನೂ ಕೊಡಲಿಲ್ಲ. ಅವತ್ತೇ ಇಳಿಹೊತ್ತಿಗೆ ಗಾಳಿ ತಿರುಗಿ, ಮಣ್ಣಿನ ವಾಸನೆ ಎದ್ದು, ದಪ್ಪ ಹನಿಗಳು ಬೋಳು ಕುರಿಗಳ ಬೆನ್ನ ಮೇಲೆ ಬೀಳತೊಡಗಿದವು. ಎಲ್ಲರೂ ಉಣ್ಣೆಯ ಗಂಟುಗಳನ್ನು ಗುಡಿಸಲಿಗೆ ಸಾಗಿಸಿದರು. ಒಂದೆರಡು ಕುರಿ ಉಳಿದಿದ್ದವು.

"ಹೋಗೋ," ಎಂದ ಅಮಸಿದ್ದಪ್ಪ. "ನಿನ್ನ ಕುರಿ ತೊಯ್ತಾವ."

ಮಲಕಪ್ಪ ತನ್ನ ದೊಡ್ಡಿಯ ಕಡೆಗೊಮ್ಮೆ ನೋಡಿದ. ಮೂರು ದಿನದಿಂದ ನಿಂತಲ್ಲಿ ನಿಲ್ಲದ ಅವನ ಕಾಲು ಯಾಕೋ ಏಳಲಿಲ್ಲ. "ಇದೊಂದು ಮುಗಸ್ತೇನಿ ಕಾಕಾ," ಎಂದು ಕುರಿಯ ಮೇಲೆ ಬಗ್ಗಿದ.

ಮುದುಕ ಬೇಲಿಯ ಬಳಿ ಕಾಯುತ್ತಿದ್ದ ಟಗರನ್ನು ಕೋಡು ಹಿಡಿದು ಎಳೆದು ತಂದು, ಗುಡಿಸಲಿನ ಮಾಡಿನಡಿ ಮೊಣಕಾಲಿನಿಂದ ಅದುಮಿ, ಬಲಪಕ್ಕೆಗೆ ಕತ್ತರಿ ಹಾಕಿದ. ಅವನ ಕೈಯಲ್ಲಿ ಅದು ಎಷ್ಟು ಹೊತ್ತಿನ ಕೆಲಸ? ಉಣ್ಣೆ ಒಂದೇ ಹಾಸಾಗಿ ಬಿಚ್ಚಿಕೊಂಡಿತು. ಅದನ್ನು ಮಡಚಿ ಮಲಕಪ್ಪನ ರುಮಾಲಿನ ಮೇಲಿಟ್ಟು, ಟಗರಿನ ಬೆನ್ನಿಗೊಂದು ಹೊಡೆದು ಬಿಟ್ಟ.

ಟಗರು ಎದ್ದು ಮೈ ಜಾಡಿಸಿತು. ಹಗುರವಾಗಿದ್ದಕ್ಕೆ ಎರಡು ಹೆಜ್ಜೆ ತಪ್ಪಿತು. ಮಲಕಪ್ಪನ ಕಡೆ ಬಾರದೆ, ಮಳೆಯಲ್ಲಿ ಒತ್ತಿಕೊಂಡು ನಿಂತಿದ್ದ ಅಮಸಿದ್ದಪ್ಪನ ಬೋಳು ಕುರಿಗಳ ನಡುವೆ ತಲೆ ತೂರಿಸಿತು. ಮಲಕಪ್ಪ ಕತ್ತರಿ ನಿಲ್ಲಿಸಿ ನೋಡಿದ. ಅಷ್ಟರೊಳಗೆ ಆ ಬೋಳು ಬೆನ್ನುಗಳಲ್ಲಿ ತನ್ನ ಟಗರು ಯಾವುದು ಎಂದು ಗುರುತು ಹತ್ತಲಿಲ್ಲ.