ದೊಡ್ಡ ಹೆಲಿಕಾಪ್ಟರ್ ಆರಿಸಲು ಹೋದ ದಿನ

ಹರಳೆಣ್ಣೆ ಸುಟ್ಟ ವಾಸನೆ ಮೂಗಿಗೆ ತಾಕಿದರೆ ಸಾಕು, ಕಿವಿರಾಯನ ಕಣ್ಣೆದುರು ಅಪ್ಪನ ಕೆಲಸದ ಕೋಣೆ ಬಂದು ನಿಲ್ಲುತ್ತಿತ್ತು. ತುಕ್ಕು ಹಿಡಿದು ಬಿಗಿದುಕೊಂಡ ಹೊಲಿಗೆ ಯಂತ್ರಗಳನ್ನು ಅಪ್ಪ ಒಲೆಯ ಪಕ್ಕ ಬೆಚ್ಚಗೆ ಕೂರಿಸಿ, ಸಂದುಗೊಂದಿಗೆಲ್ಲ ಬಿಸಿ ಹರಳೆಣ್ಣೆ ಬಿಡುತ್ತಿದ್ದ. ಒಂದೆರಡು ತೊಟ್ಟು ಒಲೆಯ ಮೇಲೆ ಬಿದ್ದು ನೀಲಿ ಹೊಗೆ ಏಳುತ್ತಿತ್ತು. ಸ್ವಲ್ಪ ಸಿಹಿ, ಸ್ವಲ್ಪ ಕಮಟು, ಬಟ್ಟೆಗೆ ಹತ್ತಿದರೆ ಒಗೆದರೂ ಬಿಡದ ವಾಸನೆ. "ಕಣ್ಣು ಮುಚ್ಚಿ ಕೇಳು. ಎಲ್ಲಿ ನೋವು ಅಂತ ಯಂತ್ರವೇ ಹೇಳುತ್ತೆ" ಎನ್ನುತ್ತಿದ್ದ ಅಪ್ಪ. ಆ ವಿದ್ಯೆಯಿಂದಲೇ ಮಗನ ಹೊಟ್ಟೆ ತುಂಬಿತು. ಯಂತ್ರದ ಮುಚ್ಚಳ ತೆಗೆಯುವ ಮೊದಲೇ ರೋಗ ಹೇಳಿಬಿಡುತ್ತಿದ್ದ ಅವನಿಗೆ ಕಿವಿರಾಯ ಎಂದು ಹೆಸರಿಟ್ಟದ್ದು ಅಕ್ಕನ ಗಂಡ, ಬಸ್ ಓಡಿಸುವ ಭಾವ. ತಮಾಷೆಗೆ ಇಟ್ಟ ಹೆಸರು ಗಿರಾಕಿಗಳ ಬಾಯಲ್ಲೂ ನಿಂತುಹೋಯಿತು.

ಇವತ್ತು ಆ ವಾಸನೆ ಬಂದದ್ದು ಮಾದರಿ ವಿಮಾನಗಳ ಅಂಗಡಿಯ ಹಿಂದಿನ ಅಂಗಳದಿಂದ. ಅಲ್ಲಿ ಕಬ್ಬಿಣದ ಬೆಂಚಿಗೆ ಬಿಗಿದ ಎಂಜಿನ್ನೊಂದನ್ನು ಅಂಗಡಿಯಮ್ಮ ಓಡಿಸಿ ಈಗಷ್ಟೇ ನಿಲ್ಲಿಸಿದ್ದರು. ಇಂಥ ಪುಟ್ಟ ಎಂಜಿನ್ನುಗಳಿಗೆ ಹಾಕುವ ನೈಟ್ರೋ ಇಂಧನಕ್ಕೆ ಹರಳೆಣ್ಣೆ ಬೆರೆಸಿರುತ್ತಾರೆ, ಎಂಜಿನ್ ಸವೆಯದಿರಲಿ ಎಂದು.

"ನಿಮ್ಮಪ್ಪನ ಕೋಣೆಗೆ ಕಾಲಿಟ್ಟ ಹಾಗಾಯ್ತಲ್ಲೋ" ಎಂದರು ಭಾವ, ಮೂಗರಳಿಸಿ.

ಕಿವಿರಾಯ ನಕ್ಕ ಹಾಗೆ ಮಾಡಿದ.

ಅವರು ಬಂದದ್ದು ರೇಡಿಯೋದಿಂದ ಹಾರಿಸುವ ದೊಡ್ಡ ಹೆಲಿಕಾಪ್ಟರ್ ಆರಿಸಲು. ಹಳೆಯದು, ಇಬ್ಬರೂ ಸೇರಿ ಕೊಂಡಿದ್ದ ಮಧ್ಯಮ ಗಾತ್ರದ್ದು, ಚಳಿಗಾಲದಲ್ಲಿ ಬಿದ್ದು ಪುಡಿಯಾಗಿತ್ತು. ಅವರಿಬ್ಬರ ನಡುವೆ ಒಂದು ಕಟ್ಟುಪಾಡಿತ್ತು: ಎಂಜಿನ್ನನ್ನು ಹದಕ್ಕೆ ತರುವುದು ಕಿವಿರಾಯನ ಕೆಲಸ, ಹಾರಿಸುವುದು ಭಾವನ ಕೆಲಸ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. ಇಂಧನ ಎಷ್ಟು ಹರಿಯಬೇಕು ಎಂಬುದಕ್ಕೆ ಎಂಜಿನ್ನಿನ ಪಕ್ಕದಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ. ಇಂಧನ ಹೆಚ್ಚಾದರೆ ಎಂಜಿನ್ ಗೊರಗೊರ ಎನ್ನುತ್ತದೆ. ತಿರುಪು ಬಿಗಿಯುತ್ತ ಹೋದಂತೆ ದನಿ ತೆಳುವಾಗಿ, ಮೇಲಕ್ಕೇರಿ, ಒಂದು ಕಡೆ ಸರಿಯಾಗಿ ಕೂರುತ್ತದೆ. ಅದನ್ನೂ ದಾಟಿ ಬಿಗಿದರೆ ಎಂಜಿನ್ ಬಾಯಾರಿ, ಕಾದು, ಸಾಯುತ್ತದೆ. "ನನ್ನ ಗಂಡನ ಹೆಬ್ಬೆರಳು, ನನ್ನ ತಮ್ಮನ ಕಿವಿ, ಎರಡೂ ಸೇರಿದ್ರೆ ಒಬ್ಬ ಪೂರ್ತಿ ಮನುಷ್ಯ ಆಗ್ತಾನೆ" ಎಂದು ಅಕ್ಕ ನಗುತ್ತಿದ್ದಳು.

ಹಳೆಯದು ಬಿದ್ದ ದಿನ ಮೈದಾನದಲ್ಲಿ ಜೋರು ಗಾಳಿ. ಎಂಜಿನ್ನಿನ ದನಿ ಯಾಕೋ ಮಂಕಾಗಿದೆ ಅನ್ನಿಸಿ ಕಿವಿರಾಯ ತಿರುಪನ್ನು ಒಂದಿಷ್ಟು ಬಿಗಿದ. ಮತ್ತೂ ಮಂಕು. ಇನ್ನೊಂದಿಷ್ಟು ಬಿಗಿದ. "ಈಗ ಸರಿ ಹಾಡ್ತಿದೆ, ಬಿಡಿ ಭಾವ" ಎಂದ. ಹೆಲಿಕಾಪ್ಟರ್ ಏರಿತು, ಒಂದು ಸುತ್ತು ಬಂತು, ನೆಲಕ್ಕೆ ಹತ್ತಿರವಾಗಿ ಹಿಂದಕ್ಕೆ ಚಲಿಸುವಾಗ ಬಲ ಉಡುಗಿದಂತೆ ಕುಸಿದು ಮಣ್ಣಿಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. "ಎತ್ತೋ ಬದಲು ಇಳಿಸಿಬಿಟ್ಟೆ ಕಣೋ. ಕೈ ತಪ್ಪಿತು" ಎಂದರು ಭಾವ, ತಮ್ಮ ಹೆಬ್ಬೆರಳನ್ನೇ ನೋಡುತ್ತ.

ಸಂಜೆ ಕಿವಿರಾಯ ಒಬ್ಬನೇ ಕೂತು ಎಂಜಿನ್ ಬಿಚ್ಚಿದ. ಒಳಗೆ ಇಂಧನ ಹೊತ್ತಿಸುವ ತಂತಿ ಕರಗಿ ಗುಂಡಗಾಗಿತ್ತು. ಪಿಸ್ಟನ್ನಿನ ಮೈ ತುಂಬ ಗೀರು. ಬಾಯಾರಿ ಸತ್ತ ಎಂಜಿನ್ನು. ಅದರ ಮುಂದಿನ ವಾರವೇ ಒಬ್ಬ ದರ್ಜಿ ಹೊಲಿಗೆ ಯಂತ್ರ ಹೊತ್ತು ತಂದು, "ಇದರ ಕೀಚಲು ದನಿ ತಡೆಯೋಕಾಗ್ತಿಲ್ಲ" ಎಂದ. ಕಿವಿರಾಯ ಚಕ್ರ ತಿರುಗಿಸಿದ. ಅವನಿಗೆ ಕೀಚಲು ಕೇಳಲೇ ಇಲ್ಲ. ದರ್ಜಿ ಮಾತ್ರ ಹಲ್ಲು ಕಚ್ಚಿಕೊಂಡು ನಿಂತಿದ್ದ. ಆಗ ಎಲ್ಲ ಒಂದಕ್ಕೊಂದು ಸೇರಿತು. ಎಂಜಿನ್ನಿನ ದನಿ ಮಂಕಾಗಿರಲಿಲ್ಲ. ಮೇಲಿನ ಸಣ್ಣ ದನಿಗಳು ಅವನ ಕಿವಿಯನ್ನೇ ಬಿಟ್ಟುಹೋಗಿದ್ದವು.

ಭಾವನಿಗೆ ಹೇಳಬೇಕೆಂದು ಹೊರಟ ಪ್ರತಿ ಸಲವೂ ಬೇರೇನೋ ಮಾತಾಡಿ ತಿರುಗಿ ಬಂದ. ಕಿವಿ ಹೋದ ಕಿವಿರಾಯ ಎಂದರೆ ಏನು ಉಳಿಯಿತು? ನಾಳೆ ಹೇಳಿದರಾಯಿತು ಎನ್ನುತ್ತ ಎನ್ನುತ್ತ ಚಳಿಗಾಲ ಕಳೆದೇಹೋಯಿತು.

"ಇದು ನೋಡಿ" ಎಂದು ಅಂಗಡಿಯಮ್ಮ ಮೇಜಿನ ಮೇಲಿನ ಹಾಸು ಸರಿಸಿದರು. ಮಲಗಿದ್ದ ಹೆಲಿಕಾಪ್ಟರ್ ನೋಡಿ ಭಾವ ಸಣ್ಣಗೆ ಶಿಳ್ಳೆ ಹಾಕಿದರು. ರೆಕ್ಕೆಗಳನ್ನು ಬಿಡಿಸಿ ನೀಳವಾಗಿ ಹಿಡಿದರೆ ಹತ್ತಿರ ಹತ್ತಿರ ಆಳುದ್ದ. ಮೂತಿಗೆ ಹಳದಿ ಬಣ್ಣ, ಹೊಟ್ಟೆಯೊಳಗೆ ಮುಷ್ಟಿಯಷ್ಟು ಎಂಜಿನ್ನು.

"ತೊಂಬತ್ತರ ಎಂಜಿನ್ ಇದು, ನಮ್ಮಲ್ಲಿರೋದ್ರಲ್ಲೇ ದೊಡ್ಡ ಅಳತೆ. ದೊಡ್ಡದು ಅಂತ ಹೆದರ್ಬೇಡಿ. ಚಿಕ್ಕದು ಗಾಳಿ ಬಂದ್ರೆ ಗುಬ್ಬಿ ಮರಿ ಹಾಗೆ ಆಡುತ್ತೆ. ಇದು ಎಮ್ಮೆ, ಅಲ್ಲಾಡಲ್ಲ. ದೂರ ಹೋದ್ರೂ ಕಣ್ಣಿಗೆ ಕಾಣುತ್ತೆ. ಆದ್ರೆ ಒಂದು ಮಾತು, ಈ ರೆಕ್ಕೆ ತಿರುಗೋವಾಗ ಹತ್ತಿರ ಯಾರೂ ಇರ್ಬಾರದು. ಎಲುಬು ಮುರಿಯುತ್ತೆ."

"ಬ್ಯಾಟರಿದು ಇಲ್ವಾ?" ಎಂದ ಕಿವಿರಾಯ.

ಅಂಗಡಿಯಮ್ಮ ಬಾಯಿ ತೆರೆಯುವ ಮೊದಲೇ ಭಾವ ಕೈ ಅಡ್ಡ ಹಿಡಿದರು. "ಬ್ಯಾಟರಿದು ತಗೊಂಡು ಏನ್ ಮಾಡ್ತೀಯ? ಗುಂಡಿ ಒತ್ತಿದ್ರೆ ತಿರುಗುತ್ತೆ, ಇನ್ನೊಂದ್ಸಲ ಒತ್ತಿದ್ರೆ ನಿಲ್ಲುತ್ತೆ. ಮಿಕ್ಸಿ ಇದ್ದ ಹಾಗೆ. ನಿನ್ನ ಕಿವಿಗೆ ಅಲ್ಲೇನು ಕೆಲಸ? ಅಮ್ಮ, ಇವನ ಮಾತು ಕೇಳ್ಬೇಡಿ. ನೈಟ್ರೋದೇ ಬೇಕು. ಇವನು ಕೇಳಿ ಹದ ಮಾಡೋದನ್ನ ನೀವು ಒಂದ್ಸಲ ನೋಡ್ಬೇಕು."

"ಇಂಧನದ ತೊಟ್ಟಿ ಎಷ್ಟು ದೊಡ್ಡದು ಬೇಕು?" ಎಂದು ಅಂಗಡಿಯಮ್ಮ ಕಪಾಟಿನ ಕಡೆ ತಿರುಗಿ ಕೇಳಿದರು. ಕಿವಿರಾಯ ಸುಮ್ಮನಿದ್ದ. ಅವರು ಮತ್ತೊಮ್ಮೆ ಕೇಳಿದರು. ಅವನು ಆಗಲೂ ಹೆಲಿಕಾಪ್ಟರನ್ನೇ ನೋಡುತ್ತಿದ್ದ. ಅವರು ಮೇಜು ಬಳಸಿ ಬಂದು, ಅವನ ಮುಖಕ್ಕೆ ಮುಖ ಕೊಟ್ಟು ನಿಂತು, ಮೊದಲ ಸಲ ಕೇಳುವವರ ಹಾಗೆ ಅದೇ ಪ್ರಶ್ನೆ ಕೇಳಿದರು. ಭಾವನಿಗೆ ಅದೇನೂ ಗೊತ್ತಾಗಲಿಲ್ಲ. ಕಿವಿರಾಯನಿಗೆ ಗೊತ್ತಾಯಿತು. ಆ ಹೆಂಗಸಿನ ಕಣ್ಣಲ್ಲಿ ಅವನು ಇಷ್ಟು ದಿನ ಬಚ್ಚಿಟ್ಟದ್ದು ಬಯಲಾಗಿತ್ತು, ಆದರೂ ಅವರು ತೊಟ್ಟಿಗಳ ಅಳತೆಯನ್ನಷ್ಟೇ ಹೇಳುತ್ತ ಹೋದರು.

"ದೊಡ್ಡ ತೊಟ್ಟಿನೇ ಇರ್ಲಿ" ಎಂದರು ಭಾವ. "ಮುರಿದಿದ್ದು ನಾನು, ತಂದುಕೊಡೋನೂ ನಾನೇ. ಇದು ನಿಂದು ಕಣೋ. ಹಾರಿಸೋನೂ ನೀನೇ."

"ನಾನಾ? ನೀವು?"

"ನಾನು ಬದಿಗೆ ನಿಂತು ಇಂಧನ ತುಂಬ್ತೀನಿ, ಚಪ್ಪಾಳೆ ತಟ್ತೀನಿ. ನನ್ನ ಕೈಗೆ ಇದನ್ನ ಕೊಡೋದು ಬೇಡ. ಈ ರೆಕ್ಕೆ ಯಾರ ಮೇಲಾದ್ರೂ ಹೋದ್ರೆ?"

"ಒಂದ್ಸಲ ಬಿದ್ದಿದ್ದಕ್ಕೆ ಇಷ್ಟೆಲ್ಲ ಯಾಕೆ ಭಾವ?"

ಭಾವ ಹಳದಿ ಮೂತಿಯ ಮೇಲಿದ್ದ ಧೂಳನ್ನು ಅಂಗೈಯಿಂದ ಒರೆಸಿದರು. ಮಾತಾಡಿದಾಗ ದನಿಯಲ್ಲಿ ನಗು ಉಳಿದಿರಲಿಲ್ಲ. "ನಿಮ್ಮಕ್ಕಂಗೆ ಇನ್ನೂ ಹೇಳಿಲ್ಲ. ಡಿಪೋದಲ್ಲಿ ನಮ್ಮ ಸಾಹೇಬರಿಗೆ ಹೇಳಿಬಿಟ್ಟೆ, ನನ್ನ ಸ್ಟೀರಿಂಗಿಂದ ಇಳಿಸಿ, ಒಳಗಡೆ ಎಲ್ಲಾದ್ರೂ ಕೂರ್ಸಿ ಅಂತ. ಹೆಬ್ಬೆರಳು ನಾನು ಹೇಳಿದ್ದು ಬಿಟ್ಟು ಬೇರೆ ಮಾಡುತ್ತೆ ಅಂದ್ರೆ, ಕಾಲು ಬ್ರೇಕ್ ಮೇಲೆ ಸರಿಯಾಗಿರುತ್ತೆ ಅಂತ ಏನು ನಂಬಿಕೆ? ಬಸ್ಸಲ್ಲಿ ಸ್ಕೂಲ್ ಮಕ್ಕಳು ಇರ್ತಾರೆ ಕಣೋ. ಪ್ರತಿ ತಿರುವಲ್ಲೂ ಆ ಹೆಲಿಕಾಪ್ಟರ್ ಕೆಳಗಿಳಿದಿದ್ದೇ ಕಣ್ಮುಂದೆ ಬರುತ್ತೆ."

ಭಾವನಿಗೆ ಬಸ್ಸು ಬರಿಯ ಕೆಲಸವಾಗಿರಲಿಲ್ಲ. ಓಡಿ ಬರುವ ಮುದುಕಿಗಾಗಿ ನಿಲ್ದಾಣದಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲಿಸಿ, ಕನ್ನಡಿ ಸರಿಮಾಡುವ ನೆಪ ಹೂಡುತ್ತಿದ್ದ ಮನುಷ್ಯ. ಅಂಥವರು ಇನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಬೇರೆಯವರ ಬಸ್ಸುಗಳ ಹಾಜರಿ ಹಾಕಬೇಕು. ಒಂದು ತಿರುಪನ್ನು ಬಿಗಿದವನು ಬಾಯಿ ಬಿಡಲಿಲ್ಲ ಎಂಬ ಕಾರಣಕ್ಕೆ.

"ಭಾವ, ನಿಮ್ಮ ಕೈ ತಪ್ಪಿಲ್ಲ."

"ಸಮಾಧಾನ ಮಾಡೋಕೆ ಬರಬೇಡ."

"ಸಮಾಧಾನ ಅಲ್ಲ. ತಿರುಪು ಜಾಸ್ತಿ ಬಿಗಿದಿದ್ದು ನಾನು. ಎಂಜಿನ್ ಬಾಯಾರಿ ಹೋಯ್ತು. ನೀವು ಎತ್ತಿದ್ರಿ, ಎತ್ತೋಕೆ ಅದರಲ್ಲಿ ಬಲ ಇರಲಿಲ್ಲ. ಬಿಚ್ಚಿ ನೋಡಿದೀನಿ. ತಂತಿ ಕರಗಿದೆ."

ಭಾವ ಅವನನ್ನೇ ನೋಡಿದರು. "ನೀನು ಜಾಸ್ತಿ ಬಿಗಿಯೋನಲ್ವಲ್ಲೋ. ನಿನ್ನ ಕಿವಿ—"

"ಕಿವಿ ಹೋಗಿದೆ ಭಾವ. ಸಣ್ಣ ದನಿ ಕೇಳಲ್ಲ."

ಅಂಗಡಿಯಮ್ಮ ಸದ್ದಿಲ್ಲದೆ ಒಂದು ಡಬ್ಬ ಎತ್ತಿಕೊಂಡು ಒಳಗಿನ ಕೋಣೆಗೆ ಹೋದರು. ಆ ಡಬ್ಬದಿಂದ ಅವರಿಗೆ ಏನೂ ಆಗಬೇಕಾಗಿರಲಿಲ್ಲ.

"ಯಾವಾಗ ಗೊತ್ತಾಯ್ತು?"

"ಎಂಜಿನ್ ವಿಷಯ ಅವತ್ತು ಸಂಜೆಗೇ. ಕಿವಿದು ಅದರ ಮುಂದಿನ ವಾರ."

"ಅವತ್ತು ಸಂಜೆಗೇ." ಭಾವ ಆ ಮಾತನ್ನು ನಿಧಾನವಾಗಿ ತಿರುಗಿಸಿ ನೋಡಿದರು. "ಆಮೇಲೆ ತಾನೆ, ಕಣ್ಣು ಮಂಕಾಯ್ತೇನೋ ಅಂತ ನಾನು ಡಾಕ್ಟರಿಗೆ ತೋರಿಸ್ಕೊಳ್ಳೋಕೆ ಹೋಗಿದ್ದು? ನನ್ನ ಕರ್ಕೊಂಡು ಹೋದೋನು ಯಾರು?"

ಕರೆದುಕೊಂಡು ಹೋದವನು ಕಿವಿರಾಯನೇ. ಡಾಕ್ಟರ ಕೋಣೆಯ ಹೊರಗೆ ಭಾವನ ಕೋಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಣ್ಣಿಗೆ ಏನೂ ಆಗಿಲ್ಲ ಎಂದು ಭಾವ ಹೊರಬಂದಾಗ, "ನೋಡಿದ್ರಾ, ನಾನು ಹೇಳಿಲ್ವಾ" ಎಂದು ಬೆನ್ನು ತಟ್ಟಿದ್ದ.

"ನಾಲಿಗೆಗೇನಾಗಿತ್ತೋ ನಿಂಗೆ? ಕಿವಿ ಹೋದ್ರೆ ಬಾಯೂ ಹೋಗುತ್ತಾ?"

ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ಭಾವ ಫೋನ್ ತೆಗೆದುಕೊಂಡು ಬೀದಿಗೆ ಇಳಿದರು. ಕಿವಿರಾಯ ಕಿಟಕಿಯಲ್ಲಿ ನಿಂತು ನೋಡಿದ: ಭಾವ ಕಾಲುದಾರಿಯ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದರು, ಕೈ ಬೀಸುತ್ತಿದ್ದರು, ನಿಂತು ಕೇಳಿಸಿಕೊಳ್ಳುತ್ತಿದ್ದರು. ಗಾಜಿನಾಚೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಏನನ್ನುತ್ತಿದ್ದಾರೋ, ಯಾರ ಹತ್ತಿರವೋ. ಅಕ್ಕನಿಗೂ ಹೇಳಿರಬಹುದು. ಹೇಳಲಿ ಅನ್ನಿಸಿತು. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ; ಅವನಿಗೆ ಹಾಗೇನೂ ಆಗಲಿಲ್ಲ. ಇಷ್ಟು ದಿನ ತಾನೊಬ್ಬನೇ ಹೊತ್ತದ್ದನ್ನು ಈಗ ಭಾವನೂ ಹೊರುವಂತಾಯಿತು, ಅಷ್ಟೆ.

ಭಾವ ಒಳಗೆ ಬಂದು, ಅವನ ಕಡೆ ನೋಡದೆ ಹೇಳಿದರು. "ಸೋಮವಾರ ಬಾ, ಖಾಲಿ ಬಸ್ ಓಡಿಸಿ ತೋರ್ಸು, ಆಮೇಲೆ ನೋಡೋಣ ಅಂದಿದಾರೆ ಸಾಹೇಬ್ರು. ಈ ವಯಸ್ಸಲ್ಲಿ ಮತ್ತೆ ಪರೀಕ್ಷೆ."

"ಅವರ ಹತ್ರ ನಾನು ಬಂದು ಹೇಳ್ತೀನಿ."

"ಏನಂತ? ಆಟದ ಹೆಲಿಕಾಪ್ಟರ್ ಬಿತ್ತು ಅಂತ ಬಸ್ ಇಳಿಯೋಕೆ ಹೊರಟ ಅಂತಾನಾ? ಇರೋ ಮಾನಾನೂ ಕಳಿ." ಆಮೇಲೆ ಒಳಗಿನ ಕೋಣೆಯ ಕಡೆ ಕೂಗಿದರು. "ಅಮ್ಮ, ಈ ಎಮ್ಮೆನೇ ಇರ್ಲಿ. ಹಾರಿಸೋನು ನಾನೇ. ಒಂದ್ಸಲ ಎಂಜಿನ್ ಓಡಿಸಿ ತೋರ್ಸಿ."

ಅಂಗಳದಲ್ಲಿ ಹಳದಿ ಹೆಲಿಕಾಪ್ಟರಿನ ರೆಕ್ಕೆ ಕಳಚಿ, ಮೈಯನ್ನು ಬೆಂಚಿಗೆ ಬಿಗಿದರು. ಅಂಗಡಿಯಮ್ಮ ಸಣ್ಣ ತಿರುಪುಳಿಯನ್ನು ತೆಗೆದು, ಯಾರಿಗೆ ಕೊಡಲಿ ಎನ್ನುವಂತೆ ಇಬ್ಬರನ್ನೂ ನೋಡಿದರು. ಕಿವಿರಾಯನ ಕೈ ಅಭ್ಯಾಸಬಲದಿಂದ ಅರ್ಧ ಮೇಲೆದ್ದಿತ್ತು.

"ನೀವೇ ಹದ ಮಾಡಿ" ಎಂದರು ಭಾವ.

ಎತ್ತಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಕಿವಿರಾಯ ಅದನ್ನು ಜೇಬಿಗೆ ಹಾಕಿಕೊಂಡ. ಎಂಜಿನ್ ಹೊತ್ತಿಕೊಂಡಿತು. ಅಂಗಡಿಯಮ್ಮ ತಲೆ ವಾಲಿಸಿ ಕೇಳುತ್ತ, ತಿರುಪು ಬಿಗಿದರು, ಸಡಿಲಿಸಿದರು. ಅವನಿಗೆ ಕೇಳಿಸಿದ್ದು ಕಂಬಳಿಯೊಳಗಿಂದ ಬಂದಂಥ ಗೊರಗೊರ ಮಾತ್ರ. ಭಾವ ರೇಡಿಯೋ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡರು. ಹೆಬ್ಬೆರಳುಗಳು ಅದರ ಎರಡು ಪುಟ್ಟ ಕಡ್ಡಿಗಳ ಮೇಲೆ ಕೂತವು. ಮೊದಲು ಅಳುಕಿದವು, ಆಮೇಲೆ ಒಂದು ಕೂದಲೆಳೆ, ಇನ್ನೊಂದು ಕೂದಲೆಳೆ ಎನ್ನುವಂತೆ ಸರಿದವು. ಎಂಜಿನ್ನು ಅವು ಹೇಳಿದ ಹಾಗೆ ಕೇಳಿತು. ಭಾವನ ಭುಜ ಒಂದಿಷ್ಟು ಇಳಿದದ್ದನ್ನು ಕಿವಿರಾಯ ಹಿಂದಿನಿಂದ ನೋಡಿದ. ನೋಡಿ, ಗೋಡೆಯ ಕಡೆ ತಿರುಗಿಕೊಂಡ.

ಎಂಜಿನ್ ನಿಂತ ಮೇಲೆ ಅಂಗಡಿಯಮ್ಮ ಸಾಮಾನು ಕಟ್ಟಲು ಒಳಗೆ ಹೋದರು. ತಾವಿಬ್ಬರೂ ಬಂದಿದ್ದ ವ್ಯಾನು ಬೀದಿಯಲ್ಲಿ ನಿಂತಿತ್ತು; ಭಾವ ಅದರ ಕಡೆ ಹೊರಟರು. ಕಿವಿರಾಯ ಅಂಗಳದ ಮೆಟ್ಟಿಲ ಮೇಲೆ ಕೂತ. ಬಿಸಿಲು ನೆತ್ತಿಗೇರಿತ್ತು. ಭಾವ ತನ್ನನ್ನು ಇಲ್ಲೇ ಬಿಟ್ಟು ಹೊರಟರೂ ಹೊರಡಬಹುದು, ಹೊರಟರೆ ತಪ್ಪೇನೂ ಇಲ್ಲ ಅನ್ನಿಸಿತು. ವ್ಯಾನ್ ಹೊರಟ ಸದ್ದು ತನಗೆ ಕೇಳಿಸೀತೇ ಎಂದು ಅನುಮಾನವಾಗಿ, ಕತ್ತೆತ್ತಿ ಓಣಿಯ ಕಡೆ ನೋಡುತ್ತಲೇ ಇದ್ದ.

ಓಣಿಯಲ್ಲಿ ಭಾವ ತಿರುಗಿ ಬಂದರು. ಅದೇ ಮೆಟ್ಟಿಲ ಮೇಲೆ, ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಧೊಪ್ಪನೆ ಕೂತರು. ವ್ಯಾನಿನಿಂದ ತಂದಿದ್ದ ಬಟ್ಟೆಯ ಗಂಟನ್ನು ತೊಡೆಯ ಮೇಲೆ ಬಿಚ್ಚಿದರು. ಒಳಗಿದ್ದದ್ದು ಒಂದೇ ಡಬ್ಬಿ: ಅನ್ನ, ಬೇಯಿಸಿದ ಕಾಳು, ಎರಡು ಮೊಟ್ಟೆ. ಮುಚ್ಚಳಕ್ಕೆ ಸ್ವಲ್ಪ ಅನ್ನ, ಸ್ವಲ್ಪ ಕಾಳು, ಒಂದು ಮೊಟ್ಟೆ ಹಾಕಿಕೊಂಡು ತಮ್ಮ ಪಕ್ಕಕ್ಕಿಟ್ಟುಕೊಂಡರು. ಆಮೇಲೆ ಅವನ ಮುಖ ನೋಡದೆ, ಡಬ್ಬಿಯನ್ನು ಕಿವಿರಾಯನ ಕೈಗೆ ಕೊಟ್ಟು, ಚಮಚದ ಹಿಡಿಯನ್ನು ಅವನ ಕಡೆಗೆ ತಿರುಗಿಸಿದರು.